ಆಸ್ಪತ್ರೆಗೆ ಮುಂಚೆ

1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಗೆದ್ದ ಬ್ರಿಟಿಷ್ ಪಡೆ, ಅಲ್ಲಿನ ಸೊಳ್ಳೆ-ಜ್ವರದ ಕಾಟ ತಾಳದೆ 1809ರಲ್ಲಿ ಬೆಂಗಳೂರಿಗೆ ಗಂಟುಮೂಟೆ ಕಟ್ಟಿತು. ಫಿರಂಗಿಗೆ ಜಗ್ಗದವರು ಜ್ವರಕ್ಕೆ ಜಗ್ಗಿದರು.

*

ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಿತ್ತಿಲುಗಳಲ್ಲಿ ಮಳೆ ನಿಂತ ಮೇಲೆ ನೋಡಿ: ನೀರು ತುಂಬಿದ ತೆಂಗಿನ ಚಿಪ್ಪು, ಹಳೇ ಟೈರು, ಮುಚ್ಚಳವಿಲ್ಲದ ಡ್ರಮ್ಮು. ಬಗ್ಗಿ ನೋಡಿದರೆ ಒಳಗೆ ಸಣ್ಣ ಹುಳುಗಳು ತಲೆಕೆಳಗಾಗಿ ತೂಗಾಡುತ್ತಿರುತ್ತವೆ. ಎಂಟು-ಹತ್ತು ದಿನ ಬಿಟ್ಟರೆ ಅವಕ್ಕೆ ರೆಕ್ಕೆ ಬರುತ್ತದೆ. ವಾರಕ್ಕೊಮ್ಮೆ ಚಿಪ್ಪು ಬೋರಲು ಹಾಕಿ, ಡ್ರಮ್ಮು ಉಜ್ಜಿ ಮುಚ್ಚಿದರೆ ಬರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ದಂಡಕ್ಕೆ ಹೆದರಿ ಮಾಡುವ ಕೆಲಸವೇ ಇದು? ನಮ್ಮ ಮಕ್ಕಳು ಮಲಗುವುದು ಅದೇ ಮನೆಯಲ್ಲಿ.

*

ಬಿಪಿ ನೋಯುವುದಿಲ್ಲ. ಅದಕ್ಕೇ ಅದಕ್ಕೆ ಹೆಚ್ಚು ಹೆದರಬೇಕು.

*

‘ಬಿಪಿ ಸರಿಯಾಯ್ತು, ಮಾತ್ರೆ ಬಿಟ್ಟೆ’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಮಾತ್ರೆ ಇದ್ದದ್ದರಿಂದ ತಾನೇ ಸರಿಯಿದ್ದದ್ದು!

*

ರಾತ್ರಿ ಹೊತ್ತು ಕರೆಂಟು ಬಂದರೆ ರೈತ ರಾತ್ರಿಯೇ ಪಂಪ್‌ಸೆಟ್ಟಿಗೆ ಹೋಗಬೇಕು, ಕಬ್ಬಿನ ಗದ್ದೆಯ ಬದುವಿನ ಮೇಲೆ, ಎಷ್ಟೋ ಸಲ ಬರಿಗಾಲಲ್ಲಿ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಒಳ್ಳೆಯದು. ಆದರೆ ಹಗಲಲ್ಲಿ ತ್ರೀ ಫೇಸ್ ಕೊಟ್ಟರೆ, ಕಾಲಿಗೊಂದು ಗಂಬೂಟು, ಕೈಗೊಂದು ಟಾರ್ಚು ಇದ್ದರೆ, ವರದಿ ಮಾಡಬೇಕಾದ ಕಡಿತಗಳೇ ಕಡಿಮೆಯಾಗುತ್ತವೆ. ವಿದ್ಯುತ್ ಇಲಾಖೆಯೂ ಜೀವ ಉಳಿಸಬಲ್ಲದು.

*

2018ರ ನವೆಂಬರ್ 24. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಎಂಥ ದೊಡ್ಡ ಆಸ್ಪತ್ರೆ ಪಕ್ಕದಲ್ಲಿದ್ದರೂ ಅವರಿಗೆ ಏನು ಮಾಡಲಾಗುತ್ತಿತ್ತು? ನಾಲೆ ಏರಿಗೆ ಕಟ್ಟುವ ಗಟ್ಟಿ ತಡೆಗೋಡೆಯನ್ನು ನಾನು ಆರೋಗ್ಯದ ಖರ್ಚೆಂದೇ ಲೆಕ್ಕ ಹಾಕುತ್ತೇನೆ.

*

ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಈ ನಾಲ್ಕು ತಾಲ್ಲೂಕಿನವರು ಕಾಯಿಲೆ ಬಲಿತ ಮೇಲೆ ಹೊರಡುವುದು ಮಂಡ್ಯದ ಮಿಮ್ಸ್, ಬೆಳ್ಳೂರು ಕ್ರಾಸಿನ ಆದಿಚುಂಚನಗಿರಿ, ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಡೆಗೆ. ಅಲ್ಲಿ ನೆಗಡಿಗೆ ಚೀಟಿ ಮಾಡಿಸಿದವರ ಹಿಂದೆ ಎದೆನೋವಿನವರು ನಿಂತಿರುತ್ತಾರೆ. ಹಾಗೆಂದು ಜನರನ್ನೇ ಬೈಯುವುದು ತಪ್ಪು. ಊರಿನ ಆರೋಗ್ಯ ಕೇಂದ್ರದ ಬಾಗಿಲು ತೆರೆದಿದ್ದು, ಒಳಗೆ ಡಾಕ್ಟರೂ ಔಷಧಿಯೂ ಇದ್ದರೆ ನೆಗಡಿಗೆ ಯಾರೂ ಬಸ್ ಚಾರ್ಜು ಹಾಕುವುದಿಲ್ಲ.

*

30 ದಾಟಿದವರ ಬಿಪಿ, ಶುಗರನ್ನು ಮನೆ ಬಾಗಿಲಲ್ಲೇ ನೋಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಆಶಾ ಕಾರ್ಯಕರ್ತೆ ನಿಮ್ಮ ಬಾಗಿಲಿಗೆ ಬಂದಾಗ ‘ಇನ್ನೊಂದಿನ ಬಾರವ್ವ’ ಎಂದು ಕಳಿಸಬೇಡಿ. ಕೂರಿಸಿ, ತೋಳು ಚಾಚಿ. ಗದ್ದೆಗೆ ಹೋಗಿರುವ ಗಂಡಸರನ್ನೂ ಕರೆಸಿ ನೋಡಿಸಿ.