ಗುಂಪಿನಿಂದ ಆಚೆಗೆ ಕರೆಯಲ್ಪಟ್ಟವನು

(ಮಾರ್ಕನು ಬರೆದ ಸುವಾರ್ತೆ, 7ನೇ ಅಧ್ಯಾಯ, 31ರಿಂದ 37ನೇ ವಚನಗಳನ್ನು ಓದಿಕೊಳ್ಳಿರಿ)



ನಮ್ಮ ಕರ್ತನು ತೂರ್ ಸೀದೋನ್ ಪ್ರಾಂತ್ಯಗಳಿಂದ ಹಿಂದಿರುಗಿ ದೆಕಪೊಲಿ ಸೀಮೆಯಲ್ಲಿ ಹಾದುಬರುವಾಗ ಕೆಲವರು ಒಬ್ಬ ಮನುಷ್ಯನನ್ನು ಆತನ ಮುಂದೆ ನಿಲ್ಲಿಸಿದರು. ಅವನಿಗೆ ಕಿವಿ ಕೇಳದು, ಆಡುವ ಮಾತೂ ಯಾರಿಗೂ ತಿಳಿಯದು. ಈ ಭಾಗವನ್ನು ಓದುವವರು ಬೇಗನೆ ಅದ್ಭುತಕ್ಕೆ ಹಾರುವದುಂಟು. ಅದಕ್ಕೆ ಮುಂಚೆ ನಡೆದದ್ದನ್ನು ನಿಧಾನವಾಗಿ ನೋಡಿರಿ. ಮೊದಲು ಕರ್ತನು ಅವನನ್ನು ಜನರ ಗದ್ದಲದಿಂದ ದೂರಕ್ಕೆ ಕರಕೊಂಡು ಹೋದನು. ಕಿವಿ ಕೇಳದವನಿಗೆ ಬಾಯಿಮಾತಿನಿಂದ ಏನು ತಿಳಿದೀತು? ಆದಕಾರಣ ಬೆರಳಿನಿಂದ ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ, ಅವನ ಕಣ್ಣಿಗೆ ಕಾಣುವಂತೆ ಮೇಲಕ್ಕೆ ನೋಡಿ, ತಾನು ಮಾಡಲಿರುವದನ್ನು ಅವನಿಗೆ ತಿಳಿಯುವ ರೀತಿಯಲ್ಲಿಯೇ ತಿಳಿಸಿದನು. ಬಾಯಿಂದ ಬಂದದ್ದು ಕಡೆಗೆ ಒಂದೇ ಮಾತು, ಎಪ್ಫಥಾ ಎಂಬದು. ಮಾರ್ಕನು ತನ್ನ ಪುಸ್ತಕವನ್ನು ಗ್ರೀಕ್ ಭಾಷೆಯಲ್ಲಿ ಬರೆದರೂ ಆ ಒಂದು ಮಾತನ್ನು ಅರಾಮಿಕದಲ್ಲಿಯೇ ಬಿಟ್ಟು, ಅರ್ಥವನ್ನು ಅದರ ಪಕ್ಕದಲ್ಲಿ ಕೊಟ್ಟಿದ್ದಾನೆ.

ಅದ್ಭುತವು ಕರ್ತನದು. ಆದರೆ ಒಬ್ಬನನ್ನು ಗದ್ದಲದಿಂದ ಬೇರೆ ಕರೆಯುವದೂ, ಅವನಿಗೆ ಮುಖಕೊಟ್ಟು ಕೂತುಕೊಳ್ಳುವದೂ, ಅವನಿಗೆ ತಿಳಿಯುವ ಹಾಗೆ ತಿಳಿಸುವದೂ ಮನುಷ್ಯರಿಂದ ಆಗತಕ್ಕ ಕೆಲಸವೇ. ಇದನ್ನೇ ಕಸುಬಾಗಿ ಮಾಡಿಕೊಂಡವರು ಈ ದಿನಗಳಲ್ಲಿ ಇದ್ದಾರೆ. ಅವರಿಗೆ ವಾಕ್ ಚಿಕಿತ್ಸಕರೆಂದು ಹೆಸರು. ಬಡ ದೇಶಗಳಲ್ಲಿಯೂ, ಪ್ರಾಣಭಯದಿಂದ ಊರುಬಿಟ್ಟು ಓಡಿಬಂದವರ ಶಿಬಿರಗಳಲ್ಲಿಯೂ ಅವರು ಮಾಡುವ ಸೇವೆಯನ್ನು ಕುರಿತು ಈ ತಿಂಗಳು ನಿಮಗೆ ಹೇಳಬೇಕೆಂದಿದ್ದೇನೆ.

ಅವರ ಕೆಲಸವು ಎಂಥದ್ದೆಂದು ಒಂದು ದೃಷ್ಟಾಂತದಿಂದ ತಿಳಿಯಿರಿ. ಸುಮಾರು 700 ಶಿಶುಗಳಲ್ಲಿ ಒಂದು ಸೀಳುತುಟಿಯೊಡನೆಯಾಗಲಿ ಸೀಳು ಅಂಗುಳದೊಡನೆಯಾಗಲಿ ಹುಟ್ಟುತ್ತದೆ. ಈಗ ನೀವು ತುಟಿಗಳನ್ನು ಮುಚ್ಚಿ ಬಕಾರವನ್ನು ಉಚ್ಚರಿಸಿ ನೋಡಿರಿ. ಉಸಿರು ಬಾಯೊಳಗೆ ಕ್ಷಣಮಾತ್ರ ತುಂಬಿ ನಿಂತು ತಟ್ಟನೆ ಹೊರಬೀಳುತ್ತದಲ್ಲವೇ? ಅಂಗುಳದಲ್ಲಿ ಬಿರುಕಿದ್ದವನಿಗೆ ಆ ಉಸಿರು ನಿಲ್ಲದೆ ಮೂಗಿನ ಕಡೆಗೆ ಸೋರಿಹೋಗುವದು. ಅವನ ಬಕಾರವು ಮಕಾರದಂತೆಯೂ ದಕಾರವು ನಕಾರದಂತೆಯೂ ಕೇಳುವದು. 'ಬಾ' ಎಂದು ಕರೆದರೆ 'ಮಾ' ಎಂದು ಕಿವಿಗೆ ಬೀಳುವದು. ವೈದ್ಯರು ಬಿರುಕನ್ನು ಹೊಲಿದ ಕೂಡಲೆ ಎಲ್ಲವೂ ಸರಿಯಾಯಿತೆಂದು ಜನರು ಎಣಿಸುತ್ತಾರೆ. ಹಾಗಲ್ಲ. ತಡವಾಗಿ ಹೊಲಿಸಿಕೊಂಡ ಮಗು ಅಷ್ಟರಲ್ಲಿ ಉಸಿರನ್ನು ಗಂಟಲಿನಲ್ಲಿಯೇ ತಡೆದು ಮಾತಾಡುವ ಬೇರೊಂದು ರೂಢಿಯನ್ನು ಹಿಡಿದಿರುತ್ತದೆ. ಕಾಲುದಾರಿಯಲ್ಲಿ ನಡೆದು ಪಳಗಿದ ದನವು ಹೊಸ ರಸ್ತೆ ಹಾಕಿದ ಮೇಲೆಯೂ ಹಳೇ ದಾರಿಗೇ ಮೂತಿ ತಿರುಗಿಸುವದನ್ನು ನೀವು ಕಂಡಿದ್ದೀರಿ. ನಾಲಿಗೆಯೂ ಹಾಗೆಯೇ. ಹೊಲಿಯುವದು ಕೆಲವು ತಾಸುಗಳ ಕೆಲಸ. ರೂಢಿಯನ್ನು ಬಿಡಿಸುವದು ತಿಂಗಳುಗಟ್ಟಲೆಯ ಕೆಲಸ. ಆದರೂ ಅನೇಕ ಬಡ ದೇಶಗಳಲ್ಲಿ ಹೊಲಿಯುವವರ ತಂಡವು ಬಂದು, ಮಗುವಿನ ಮುಖವನ್ನು ಮೊದಲೂ ಆಮೇಲೂ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತದೆ. ಮಾತು ಕಲಿಸುವವರು ಯಾರೂ ಹಿಂದೆ ಉಳಿಯುವದಿಲ್ಲ. ಮುಖವು ಚಿತ್ರದಲ್ಲಿ ಕಾಣುತ್ತದೆ, ಮಾತು ಕಾಣುವದಿಲ್ಲವಷ್ಟೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ಮಾತಾಡುವ ಅಂಗಗಳೇ ನುಂಗುವ ಅಂಗಗಳು. ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತು ಕೆಡುವದುಂಟು, ನುಂಗಲಾರದವರೂ ಅನೇಕರು. ಹುಟ್ಟುವ ಹೊತ್ತಿಗೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡ ಮಗುವನ್ನು ಅಂಗಾತ ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕಿಳಿದು ನ್ಯುಮೋನಿಯ ಹುಟ್ಟುವದು. ಎತ್ತಿ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮಂದವಾದ ಗಂಜಿಯನ್ನು ಸಣ್ಣ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕೆಂದು ತಾಯಿಗೆ ತೋರಿಸುವವರೂ ಈ ಚಿಕಿತ್ಸಕರೇ. ಇದಕ್ಕೆ ಯಂತ್ರ ಬೇಡ, ಔಷಧ ಬೇಡ, ತೋರಿಸುವವರು ಬೇಕು.

ಆ ತೋರಿಸುವವರು ಎಲ್ಲಿದ್ದಾರೆ? ಕಿವಿಯ ಒಂದು ವಿಷಯವನ್ನೇ ತಕ್ಕೊಳ್ಳಿರಿ. ಲೋಕದಲ್ಲಿ 43 ಕೋಟಿಗಿಂತ ಹೆಚ್ಚು ಜನರಿಗೆ ಕಿವುಡುತನದ ನಿಮಿತ್ತ ಸಹಾಯ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿತು. ಇಂಥವರಲ್ಲಿ 100ಕ್ಕೆ ಸುಮಾರು 80 ಮಂದಿ ಬಡ ಮತ್ತು ಮಧ್ಯಮ ಸ್ಥಿತಿಯ ದೇಶಗಳವರು. ಚಿಕಿತ್ಸಕರೋ ಹೆಚ್ಚಾಗಿ ಸಿರಿವಂತ ದೇಶಗಳಲ್ಲಿದ್ದಾರೆ. ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿಯೇ ಹುಟ್ಟಿತು. ಅಲ್ಲಿ ಕಲಿತವರು ದೇಶದ ಒಳಗೂ ಹೊರಗೂ ಹರಡಿದ್ದಾರೆ. ಈ ಭಾಗ್ಯವು ಎಲ್ಲರಿಗೂ ಬೇಗ ದೊರಕಲಿಲ್ಲ. ಉಗಾಂಡ ದೇಶದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ಪದವಿ ತರಗತಿ ಆರಂಭವಾದದ್ದು 2008ರಲ್ಲಿ. ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಮೊದಲ ತರಗತಿ ತೆರೆದದ್ದು 2010ರಲ್ಲಿ.

ಇಂಥ ದೇಶಗಳಿಗೆ ಹೊರಗಿನ ಚಿಕಿತ್ಸಕರು ಬಂದು ಹೋಗುತ್ತಿದ್ದರು, ಈಗಲೂ ಬರುತ್ತಾರೆ. ಒಳ್ಳೇ ಮನಸ್ಸಿನವರೇ. ಆದರೆ ಮುರಿದ ಕಾಲನ್ನು ಕಟ್ಟುವದಕ್ಕೆ ರೋಗಿಯ ಭಾಷೆ ಅಷ್ಟಾಗಿ ಬೇಡ. ಮುರಿದ ಮಾತನ್ನು ಕಟ್ಟುವದಕ್ಕೆ ಅದು ಬೇಕೇ ಬೇಕು. ಲಕಾರ ಳಕಾರಗಳ ಭೇದವು ಕಿವಿಗೇ ಬೀಳದವರು ನಮ್ಮ ಮಗುವಿನ 'ಹಳ್ಳಿ'ಯನ್ನು 'ಹಲ್ಲಿ'ಯಿಂದ ಹೇಗೆ ಬೇರ್ಪಡಿಸಾರು? ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಚಿತ್ರಪಟವನ್ನು ತೋರಿಸಿ, ಮಗು ಎಂದೂ ಕಾಣದ ವಸ್ತುವಿನ ಹೆಸರನ್ನು ಕೇಳಿ, ಅದು ಸುಮ್ಮನಿದ್ದರೆ ಬುದ್ಧಿ ಕಡಿಮೆಯೆಂದು ಬರೆದುಕೊಳ್ಳುವದು ನ್ಯಾಯವೋ? ಕಿಟ್ಟೆಲ್ ಪಂಡಿತರು ಈ ದೇಶಕ್ಕೆ ಬಂದದ್ದು 1853ರಲ್ಲಿ, ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅವರು ಎಷ್ಟು ಬಾಯಿಗಳಿಗೆ ಕಿವಿಗೊಟ್ಟಿರಬೇಕು! ಎರಡು ವಾರದ ರಜೆಯಲ್ಲಿ ಬಂದವರಿಗೆ ಅಂಥ ಕಿವಿ ಎಲ್ಲಿಂದ ಬರಬೇಕು?

ಇದನ್ನು ಅರಿತುಕೊಂಡ ಚಿಕಿತ್ಸಕರು ತಮ್ಮ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳದೆ ಊರವರಿಗೆ ಹಂಚುವ ದಾರಿಯನ್ನು ಹಿಡಿದರು. ಜಿಂಬಾಬ್ವೆಯ ಆರೋಗ್ಯ ಇಲಾಖೆಯವರೂ ವಿಶ್ವ ಆರೋಗ್ಯ ಸಂಸ್ಥೆಯವರೂ ಯುನಿಸೆಫಿನವರೂ ಕೂಡಿ 1997ರಲ್ಲಿ ಒಂದು ಕೈಪಿಡಿಯನ್ನು ಹೊರಡಿಸಿದರು. ಅದು ಪಂಡಿತರಿಗೋಸ್ಕರವಲ್ಲ, ಮಾತು ತೊಡಕಾದ ಮಕ್ಕಳ ನಡುವೆ ಕೆಲಸಮಾಡುವವರಿಗೋಸ್ಕರ. ಕೆನ್ಯದ ಸಮುದ್ರತೀರದಲ್ಲಿ ಕಿಲಿಫಿ ಎಂಬ ಸೀಮೆಯುಂಟು. ಅಲ್ಲಿ ಮನೆಗಳಿಗೇ ಹೋಗಿ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಸನ್ನೆಯಿಂದಲೂ ಚಿತ್ರದಿಂದಲೂ ಮನೆಯ ವಸ್ತುಗಳಿಂದಲೂ ಮಾತು ಬಾರದ ಮಗುವಿನೊಡನೆ ಸಂಭಾಷಿಸುವದನ್ನು ಕಲಿಸಿದರು. ಈ ಕ್ರಮವು ಹೇಗಂದರೆ, ತಾಯಿ ಒಂದು ಕೈಯಲ್ಲಿ ನೀರಿನ ಲೋಟವನ್ನೂ ಮತ್ತೊಂದರಲ್ಲಿ ಆಟದ ಚೆಂಡನ್ನೂ ಎತ್ತಿ ಹಿಡಿಯುತ್ತಾಳೆ. ಮಗುವಿನ ಕಣ್ಣು ಯಾವದರ ಮೇಲೆ ನಿಲ್ಲುವದೋ ಅದೇ ಮಗುವಿನ ಮಾತು. ಆದರೆ ಕಣ್ಣು ನಿಲ್ಲುವ ತನಕ ತಾಯಿ ಕಾದಿರಬೇಕು. ಈ ಕಾಯುವದೇ ಎಲ್ಲಕ್ಕಿಂತ ಕಷ್ಟವಾದದ್ದು. ಮೂರು ಎಣಿಸುವಷ್ಟರಲ್ಲಿ ನಾವೇ ಪ್ರಶ್ನೆ, ನಾವೇ ಉತ್ತರ. ಮಗುವಿನ ಪಾಲಿಗೆ ಏನೂ ಉಳಿಯುವದಿಲ್ಲ.

ಸನ್ನೆಯನ್ನೂ ಚಿತ್ರವನ್ನೂ ಕೊಟ್ಟರೆ ಮಗು ಬಾಯಿಬಿಡುವದನ್ನೇ ಮರೆತೀತೆಂದು ಕೆಲವು ತಂದೆತಾಯಿಗಳು ಅಂಜುತ್ತಾರೆ. ಅವು ಮಾತಿಗೆ ಅಡ್ಡಿಯಾಗುವದಿಲ್ಲವೆಂಬದು ಈಗ ಚೆನ್ನಾಗಿ ಗೊತ್ತಾಗಿದೆ. ವೇದದಲ್ಲಿಯೂ ಇದಕ್ಕೊಂದು ದೃಷ್ಟಾಂತವುಂಟು. ಲೂಕನ 1ನೇ ಅಧ್ಯಾಯವನ್ನು ತೆರೆಯಿರಿ. ಮುದುಕನಾದ ಜಕರೀಯನ ನಾಲಿಗೆ ಕಟ್ಟಿಹೋಗಿದೆ. ಎಂಟನೆಯ ದಿನ ಬಂಧುಗಳು ನೆರೆದು ಕೂಸಿಗೆ ತಮಗೆ ತೋಚಿದ ಹೆಸರನ್ನೇ ಇಡಲಿಕ್ಕಿದ್ದಾರೆ. ತಂದೆಯನ್ನು ಯಾರು ಕೇಳಿದರು? ಎಲಿಸಬೇತಳು ಅಡ್ಡಬಂದು ಯೋಹಾನನೆಂದು ಹೇಳಿದರೂ ಅವರು ಒಪ್ಪಲಿಲ್ಲ. ಆಮೇಲೆಯೇ ಅವರ ಮುಖವು ತಂದೆಯ ಕಡೆಗೆ ತಿರುಗಿತು. ಮಾತಿಲ್ಲದವನ ತಲೆಯ ಮೇಲಿಂದ ನಿರ್ಣಯಗಳು ಹೀಗೆಯೇ ಹಾದುಹೋಗುತ್ತವೆ. ನಮ್ಮ ಊರುಗಳಲ್ಲಿಯೂ ಮದುವೆ, ಪಾಲು, ಹೊಲದ ಕಾಗದಕ್ಕೆ ಹೆಬ್ಬೆಟ್ಟು, ಎಲ್ಲವೂ ಹೀಗೆಯೇ. ಜಕರೀಯನು ಒಂದು ಹಲಗೆಯನ್ನು ತರಿಸಿ ಹೆಸರನ್ನು ಬರೆದನು. ಅವನ ಬಾಯಿ ತೆರೆದದ್ದು ಯಾವಾಗ? ಬರೆದ ಮೇಲೆ. ಹಲಗೆ ಮೊದಲು ಬಂತು, ನಾಲಿಗೆ ಆಮೇಲೆ.

ನಿರಾಶ್ರಿತರ ಶಿಬಿರದಲ್ಲಿ ಇಂಥ ಹಲಗೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. 2017ರ ಆಗಸ್ಟ್ ತಿಂಗಳು ಮೊದಲ್ಗೊಂಡು 7 ಲಕ್ಷಕ್ಕಿಂತ ಹೆಚ್ಚು ರೊಹಿಂಗ್ಯಾ ಜನರು ಮ್ಯಾನ್ಮಾರಿನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೀಮೆಗೆ ಓಡಿಬಂದರು. ಅವರ ಭಾಷೆಗೆ ಸರ್ವರೂ ಓದಬಲ್ಲ ಲಿಪಿಯಿಲ್ಲವಾದ್ದರಿಂದ ಬರೆದು ಹಚ್ಚಿದ ಪ್ರಕಟನೆಗಳು ಹೆಚ್ಚಿನವರಿಗೆ ಪ್ರಯೋಜನವಿಲ್ಲ. ಬಾಯಿಂದ ಸಾರಿದರೆ ಕಿವುಡನಿಗೆ ಕೇಳದು. ಹೆಸರು ಬರೆಯಿಸುವ ಮೇಜಿನ ಮುಂದೆ ತನ್ನ ಊರನ್ನೂ ಹೆತ್ತವರ ಹೆಸರನ್ನೂ ಹೇಳಲಾರದವನಿಗೆ ಅಕ್ಕಿಯ ಚೀಟಿ ಹೇಗೆ ಸಿಕ್ಕೀತು? ಮೊದಲು ಅನ್ನ, ನೀರು, ಡೇರೆ. ಮಾತಿನ ಚಿಕಿತ್ಸೆ ಆಮೇಲೆ ನೋಡೋಣ ಎಂದು ಹೇಳುವವರುಂಟು. ಕೇಳಲಾರದವನಿಗೂ ನುಂಗಲಾರದವನಿಗೂ ಆ ಅನ್ನವು ಮುಟ್ಟುವ ಬಗೆ ಹೇಗೆಂದು ಅವರು ಹೇಳಲಿ.

ಇದಕ್ಕಿಂತ ಭಾರವಾದ ಮಾತೊಂದಿದೆ. ಸಭೆಯಲ್ಲಿ ಓದುವದಕ್ಕೆ ಸಂಕೋಚವಾದರೂ ಬಿಡಕೂಡದು. ರುವಾಂಡ ದೇಶದಲ್ಲಿ ಆಶ್ರಯಹೊಂದಿದ ನಿರಾಶ್ರಿತರ ನಡುವೆ, 2015ರ ನಂತರದ ವರ್ಷಗಳಲ್ಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಯಾಲಯದೊಡನೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ವಾಕ್ ಚಿಕಿತ್ಸಕರು ಕೂಡಿ ಒಂದು ವಿಚಾರಣೆಯನ್ನು ನಡಿಸಿದರು. ಮಾತಾಡಲಾರದವರ ಮೇಲೆ ಬಲಾತ್ಕಾರವಾದರೆ ಅವರಿಗೆ ಸಹಾಯವು ದೊರಕುವದಕ್ಕೆ ಏನೇನು ಅಡ್ಡಿ ಎಂಬದೇ ಅದರ ವಿಷಯ. ಯೋಚಿಸಿರಿ. ಕೆಟ್ಟವನು ಇಂಥವರನ್ನು ಹುಡುಕುವದಕ್ಕೆ ಕಾರಣವುಂಟು. ಇವರು ಯಾರಿಗೂ ಹೇಳಲಾರರೆಂದು ಅವನು ಬಲ್ಲನು. ಪೊಲೀಸರಾಗಲಿ ವೈದ್ಯರಾಗಲಿ ನ್ಯಾಯಾಧಿಪತಿಯಾಗಲಿ ಮೊದಲು ಕೇಳುವದು, ಏನಾಯಿತು ಹೇಳು ಎಂಬದಷ್ಟೆ. ಅವಳಿಗೆ ಚಿತ್ರಗಳ ಹಲಗೆ ಇದ್ದರೂ ಅದರಲ್ಲಿ ಅನ್ನದ ಚಿತ್ರವಿರುತ್ತದೆ, ನೀರಿನದಿರುತ್ತದೆ, ಹೊರಕಡೆಗೆ ಹೋಗಬೇಕೆಂಬದರ ಗುರುತೂ ಇರುತ್ತದೆ. ಮರ್ಯಾದೆಯ ನಿಮಿತ್ತ ದೇಹದ ಗುಪ್ತಾಂಗಗಳ ಚಿತ್ರವನ್ನು ಯಾರೂ ಬರೆದಿರುವದಿಲ್ಲ. 'ನೋಯಿಸಿದನು', 'ಬೇಡ', 'ಈ ಮನುಷ್ಯನೇ' ಎಂಬವುಗಳಿಗೆ ಗುರುತಿಲ್ಲ. ಹೀಗಿರುವಾಗ ಆ ಹಲಗೆಯಿಂದ ಅವಳು ಅನ್ನವನ್ನು ಕೇಳಬಲ್ಲಳು, ನ್ಯಾಯವನ್ನು ಕೇಳಲಾರಳು. ಈ ಕೆಲಸವನ್ನು ಬಲ್ಲ ಚಿಕಿತ್ಸಕರು ಆ ಚಿತ್ರಗಳನ್ನೂ ಹಲಗೆಯಲ್ಲಿ ಸೇರಿಸುತ್ತಾರೆ. ಶಿಬಿರದ ಸೇವಕರಿಗೂ ಪೊಲೀಸರಿಗೂ ಅದನ್ನು ಓದುವದಕ್ಕೆ ಕಲಿಸಬೇಕೆನ್ನುತ್ತಾರೆ. ಇದನ್ನು ಅಸಭ್ಯವೆನ್ನುವವರ ಸಂಗಡ ನಾನು ಕೂಡಲಾರೆನು. ಅಂಗವಿಕಲರ ಹಕ್ಕುಗಳನ್ನು ಕುರಿತು 2006ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾದ ಒಡಂಬಡಿಕೆಯೂ ತನಗೆ ಅನುಕೂಲವಾದ ರೀತಿಯಲ್ಲಿ ತಿಳಿಸುವ ಅಧಿಕಾರವು ಮನುಷ್ಯನಿಗುಂಟೆಂದು ಒಪ್ಪಿದೆ. ಸನ್ನೆಯ ಭಾಷೆಯನ್ನೂ ಅದರಲ್ಲಿ ಹೆಸರಿಸಿದೆ.

ಇನ್ನು ನಮ್ಮ ಸಭೆಗಳ ಸಂಗತಿ. ಒಂದು ವರುಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದ ಮಗು, ಎರಡು ವರುಷವಾದರೂ ಎರಡು ಮಾತುಗಳನ್ನು ಕೂಡಿಸದ ಮಗು ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇದ್ದರೆ, ಅವರಪ್ಪನಿಗೂ ತಡವಾಗಿಯೇ ಮಾತು ಬಂತೆಂದು ಹೇಳಿ ದಿನಗಳನ್ನು ನೂಕಬೇಡಿರಿ. ಅಂಗನವಾಡಿಯವರಿಗಾಗಲಿ ಆಶಾ ಕಾರ್ಯಕರ್ತೆಗಾಗಲಿ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಗಿವುಡನ್ನೂ ಸೀಳುತುಟಿ ಸೀಳು ಅಂಗುಳಗಳನ್ನೂ ಪರೀಕ್ಷಿಸುವ ಏರ್ಪಾಟಿದೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೂ, ಬೇಕಾದರೆ ಮೈಸೂರಿಗೂ ಹೋಗಬಹುದು. ಮಗುವಿನ ಸಂಗಡ, ದಿನವೆಲ್ಲಾ ಅದನ್ನು ನೋಡಿಕೊಳ್ಳುವವರೇ ಹೋಗಬೇಕು; ಚಿಕಿತ್ಸಕರು ಕಲಿಸುವದು ಅವರಿಗೆ. ಮನೆಮಾತು ಯಾವದೆಂದು ಕೇಳಿದರೆ ಸಭ್ಯತೆಗಾಗಿ ಕನ್ನಡವೆಂದು ಹೇಳಿಬಿಡಬೇಡಿರಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಲಂಬಾಣಿಯಾದರೆ ಲಂಬಾಣಿ ಎಂದೇ ಹೇಳಿರಿ. ಅಜ್ಜಿ ಮಗುವನ್ನು ತೂಗುವಾಗ ಯಾವ ಮಾತಿನಲ್ಲಿ ಹಾಡುತ್ತಾಳೋ ಆ ಮಾತಿನಲ್ಲಿಯೇ ಅವರು ಕೆಲಸವನ್ನು ಮೊದಲುಮಾಡಬೇಕಾಗಿದೆ.