ಶ್ರುತಿ ಕೂಡಿಸುವ ಕಿವಿ ಯಾರದು?

ಸಿದ್ಧಕಟ್ಟೆಯ ಕಡೆ ಯಕ್ಷಗಾನಕ್ಕೆ ಹೋದವರು ಗಮನಿಸಿರಬಹುದು: ಭಾಗವತರ ಪಕ್ಕದಲ್ಲಿ ಈಗ ವಿದ್ಯುತ್ ಶ್ರುತಿಪೆಟ್ಟಿಗೆ. ತಿದಿ ಒತ್ತುವ ಹಾರ್ಮೋನಿಯಂನ ಕೆಲಸ ಅದಕ್ಕೆ ಹೋಯಿತು. ಯಾರೂ ಅಷ್ಟಾಗಿ ಮರುಗಲಿಲ್ಲ. ಮದ್ದಳೆಗಾರ ಮಾತ್ರ ಇಂದಿಗೂ ಇಬ್ಬನಿಗೆ ಸಡಿಲಾದ ಚರ್ಮವನ್ನು ನಡುನಡುವೆ ಬಿಗಿದು ಶ್ರುತಿಗೆ ಕೂಡಿಸಿಕೊಳ್ಳಬೇಕು.

2007ರಲ್ಲಿ ಗಿಬ್ಸನ್ ಕಂಪನಿ ತಾನೇ ಶ್ರುತಿ ಮಾಡಿಕೊಳ್ಳುವ ‘ರೋಬೋಟ್ ಗಿಟಾರ್’ ತಂದಿತು. ಪುಟ್ಟ ಮೋಟಾರುಗಳು ಬಿರಡೆ ತಿರುಗಿಸುತ್ತವೆ. 2015ರಲ್ಲಿ ಇಂಥದ್ದನ್ನೇ ತನ್ನ ಬಹುಪಾಲು ಗಿಟಾರುಗಳಿಗೆ ಕೂರಿಸಿದಾಗ ಕೊಳ್ಳುವವರಲ್ಲೇ ಅನೇಕರು ಮುನಿದರು. ಇದು ಸೋಮಾರಿತನಕ್ಕೆ ದಾರಿ ಎಂಬ ದೂರು ನನಗೆ ಒಪ್ಪಿಗೆಯಿಲ್ಲ. ವೇದಿಕೆಯ ಮೇಲೆ ತಂತಿ ಸಡಿಲಾದವನಿಗೆ ಅದು ಉಪಕಾರವೇ.

ಆದರೆ ಎರಡೂ ಯಂತ್ರ ಒಂದೇ ಅಲ್ಲ. ಶ್ರುತಿಪೆಟ್ಟಿಗೆ ಷಡ್ಜ ಹಿಡಿದು ನಿಲ್ಲುತ್ತದೆ. ಅದಕ್ಕೆ ಸೇರಿದೆನೋ ಇಲ್ಲವೋ ಎಂದು ಕೇಳಿಸಿಕೊಳ್ಳುವ ಹೊಣೆ ಹಾಡುವವರದೇ. ರೋಬೋಟ್ ಗಿಟಾರ್ ಆ ಕೇಳುವಿಕೆಯನ್ನೂ ವಹಿಸಿಕೊಳ್ಳುತ್ತದೆ. ಅದರ ಲೆಕ್ಕವೋ, ಸಪ್ತಕವನ್ನು 12 ಸಮಭಾಗ ಮಾಡಿದ್ದು. ಅಲ್ಲಿಯ ಗಾಂಧಾರ, ತಂಬೂರದಲ್ಲಿ ತಾನಾಗಿ ಮೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ಸೆಂಟ್ ಎಂದರೆ ಅರ್ಧಸ್ವರದ ನೂರರಲ್ಲೊಂದು ಪಾಲು. ಪಳಗಿದ ವಾದಕ ಹಾಡು ನೋಡಿ ಆ ತಂತಿಯನ್ನು ಕೂದಲೆಳೆಯಷ್ಟು ಇಳಿಸಿಕೊಳ್ಳುತ್ತಾನೆ. ಯಂತ್ರ ಅದನ್ನು ತಪ್ಪೆಂದು ತಿದ್ದೀತು. ಕಿವಿ ಪಳಗದವನಿಗೆ ತಿದ್ದಿದ್ದೂ ತಿಳಿಯದು.