ಹಿಮದ ಚೆಲುವೂ ಆಣೆಕಲ್ಲಿನ ಪೆಟ್ಟೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಕ್ತರಿಗೆ ಹಿಮವೆಂಬುದು ಕೇದಾರಯಾತ್ರೆ ಮಾಡಿ ಬಂದವರ ಬಾಯಿಂದ ಕೇಳಿದ ಸಂಗತಿ. ಈ ಬಯಲುಸೀಮೆಯ ಮುಗಿಲಿನಿಂದ ನೀರು ಗಟ್ಟಿಯಾಗಿ ಇಳಿಯುವುದೆಂದರೆ ಚೈತ್ರ-ವೈಶಾಖಗಳ ಆಣೆಕಲ್ಲು ಮಾತ್ರ. ಆದರೆ ವಿದ್ಯೆ, ಉದ್ಯೋಗಗಳ ನಿಮಿತ್ತ ಶಿಕಾಗೊ, ನ್ಯೂಯಾರ್ಕಿನಂಥ ಮಹಾನಗರಗಳಲ್ಲಿ ನೆಲೆಸಿದ ಕನ್ನಡದ ಮಕ್ಕಳು, ಚಳಿಗಾಲದ ಮೊದಲ ಹಿಮ ಬಿದ್ದೊಡನೆ ಅದರ ಚಿತ್ರವನ್ನು ಊರಿಗೆ ಕಳುಹುವುದುಂಟು. ಕಂಡ ಹಿರಿಯರು “ಎಂಥ ಚೆಲುವು ಶಿವನೇ!” ಎಂದು ಬೆರಗಾಗುವುದೂ ಸಹಜವೇ.

ಆ ಚೆಲುವು ಹುಸಿಯಲ್ಲ. ಮೇಘದೊಳಗಿನ ಆವಿಯು ನೀರಾಗದೆ ನೇರವಾಗಿ ಹರಳುಗಟ್ಟಿ ಆರು ಮೂಲೆಯ ಹಿಮಕಣವಾಗುತ್ತದೆ. ಗ್ರಹಗಳ ಗತಿಯನ್ನು ಗಣಿಸಿದ ಮಹಾಪಂಡಿತ ಕೆಪ್ಲರನು, ತನ್ನ ಅಂಗಿಯ ಮೇಲೆ ಬಿದ್ದ ಹಿಮಕಣಕ್ಕೆ ಆರೇ ಮೂಲೆ ಏಕೆಂದು ಚಿಂತಿಸಿ 1611ರಲ್ಲಿ ಕಿರುಹೊತ್ತಗೆಯೊಂದನ್ನೇ ರಚಿಸಿದನು. ಅಣುವಿನಲ್ಲಿ ಮಹತ್ತನ್ನು ಕಾಣುವ ಕಣ್ಣು ಯಾವ ದೇಶದಲ್ಲಿದ್ದರೂ ವಂದ್ಯವೇ. ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಹೊಸ ಹಿಮವು ಸದ್ದನ್ನು ಹೀರಿಕೊಳ್ಳುತ್ತದೆ. ಸದಾ ಗದ್ದಲದ ನಗರವು ಕೆಲವು ಗಳಿಗೆ ಮೌನವ್ರತವನ್ನು ಹಿಡಿದಂತಾಗುತ್ತದೆ. ಸಿರಿವಂತನ ಮಾಳಿಗೆಯೂ ಬೀದಿಯ ಕಸದ ರಾಶಿಯೂ ಒಂದೇ ಬಿಳುಪು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಕುಳಿತವನಿಗೆ ಇದಕ್ಕಿಂತ ಪ್ರಶಾಂತವಾದ ಪ್ರಾತಃಕಾಲವು ಬೇಕೆ?

ಆದರೆ ಈ ಸೊಬಗಿಗೆಲ್ಲ ಮಿತವೇ ಕಾರಣ. ಅದೇ ಶಿಕಾಗೊದಲ್ಲಿ 1967ರ ಜನವರಿ 26 ಮತ್ತು 27ರಂದು 23 ಅಂಗುಲ ಹಿಮ ಸುರಿದಾಗ ಬಸ್ಸು, ಕಾರುಗಳು ನಡುಬೀದಿಯಲ್ಲಿಯೇ ಹೂತುಹೋದವು, ಜೀವಹಾನಿಯೂ ಆಯಿತು. ಹಗುರವಾಗಿ ಬಿದ್ದ ದಿನವೂ, ಬೆಚ್ಚನೆಯ ಕೋಣೆಯ ಕಿಟಕಿಯಿಂದ ನೋಡುವವನಿಗೆ ಅದು ಚೆಲುವು, ಸೂರಿಲ್ಲದೆ ಬೀದಿಯಲ್ಲಿ ಮಲಗಿದವನಿಗೆ ಕೊರೆತ. ನೋಡುವವನ ನೆಲೆಯನ್ನು ಕೇಳದೆ ಸೌಂದರ್ಯವನ್ನು ಹೊಗಳುವುದು ಅರ್ಧ ಮಾತು.

ದೂರದೇಶದ ಮಾತೇಕೆ? ಕೊಪ್ಪಳದ ಪೇಟೆಯಲ್ಲಿ ಆಣೆಕಲ್ಲು ಬಿದ್ದಾಗ ಮಕ್ಕಳು ಅಂಗಳಕ್ಕೆ ಓಡಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ದೊಡ್ಡವರೂ ಜಗಲಿಯಲ್ಲಿ ನಿಂತು ನಗುತ್ತಾರೆ. ಮಕ್ಕಳ ಆ ಹಿಗ್ಗನ್ನು ಯಾರೂ ಗದರಿಸಬೇಕಾಗಿಲ್ಲ. ಆದರೆ ಅದೇ ಮೋಡದ ಕೆಳಗೆ ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಎರಡನೆಯ ಬೆಳೆಯ ಭತ್ತವು ಕೊಯ್ಲಿಗೆ ಬಂದು ನಿಂತಿರುತ್ತದೆ. ಮೇಲೇರುವ ಬಿರುಗಾಳಿಯಲ್ಲಿ ಏರಿ ಇಳಿದು, ಈರುಳ್ಳಿಯಂತೆ ಪದರ ಪದರವಾಗಿ ಬಲಿತ ಆ ಕಲ್ಲು ತೆನೆಗೆ ಬಡಿದರೆ ಕಾಳು ಕೆಸರಿಗೆ ಉದುರುವುದು. ಕುಷ್ಟಗಿ, ಯಲಬುರ್ಗಾಗಳ ದಾಳಿಂಬೆಯ ಸಿಪ್ಪೆಗೆ ಪೆಟ್ಟು ಬಿದ್ದರೆ ಹಣ್ಣಿನ ಬೆಲೆಯೇ ಇಳಿಯುವುದು.

ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯನ್ನೂ ದವಸವನ್ನೂ ಹೇರಿಕೊಂಡು ಬರುವವರು ಇಂಥ ಒಕ್ಕಲುಮಕ್ಕಳೇ. ಪುಷ್ಯಮಾಸದಲ್ಲಿ ಅವರ ಕೈಯ ರೊಟ್ಟಿಯನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ಪೇಟೆಯ ಗೃಹಸ್ಥನು, ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರ ಹೊಲದ ಮೇಲೆ ಬಿದ್ದ ಕಲ್ಲನ್ನು ಬರಿಯ ನೋಟವೆಂದು ಎಣಿಸಿದರೆ, ಆ ಪ್ರಸಾದವು ಅವನ ನಾಲಗೆಯನ್ನು ದಾಟಲಿಲ್ಲವೆಂದೇ ತಿಳಿಯಬೇಕು. ದಾಸೋಹಕ್ಕೆ ಪಂಕ್ತಿಯೂ ಜಾತ್ರೆಯೂ ಬೇಕೆಂದಿಲ್ಲ. ಮಳೆ ನಿಂತ ಸಂಜೆಯೇ ಹಳ್ಳಿಯ ಬಂಧುವಿನ ಕಣಕ್ಕೆ ಹೋಗಿ, ತಾಡಪತ್ರಿಯನ್ನು ಸರಿಸಿ, ತೊಯ್ದ ಭತ್ತವನ್ನು ಹರವಲು ಎರಡು ಕೈ ಕೂಡಿಸಿದರೂ ಸಾಕು. ರಾಶಿಯಲ್ಲಿಯೇ ಬಿಟ್ಟ ಹಸಿ ಭತ್ತವು ಕೆಲವೇ ದಿನಗಳಲ್ಲಿ ಕಾವೇರಿ ಮೊಳಕೆಯೊಡೆಯುತ್ತದೆ.